ಶರೀರದ ಹೆಸರುಗಳು, ಶರೀರದ ದಿಕ್ಕುಗಳು

ಮನೆಯಲ್ಲಿ ಯಾರಿಗಾದರೂ ಅಸ್ವಸ್ಥತೆಯುಂಟಾದಾಗ ಮೇಲಿಂದ ಮೇಲೆ ಕೇಳಿಬರುವ ಮಾತು ‘ಹೊಟ್ಟೆನೋವು’ ಎಂಬುದು. ಆದರೆ ಹೊಟ್ಟೆಯೆಂದರೆ ಯಾವುದು? ಪಕ್ಕೆಲುಬುಗಳ ಕೆಳಗಿನಿಂದ ತೊಡೆಯ ಸಂದಿನವರೆಗಿನ ಭಾಗವೆಲ್ಲ ಆಡುಮಾತಿನಲ್ಲಿ ಹೊಟ್ಟೆಯೇ. ಉಂಡ ಅನ್ನ ಸೇರುವ ಚೀಲವೂ ಹೊಟ್ಟೆಯೇ. ನಾವು ಮಠದ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಅಮರಕೋಶವು ಜಠರ, ಉದರಗಳನ್ನು ಪರ್ಯಾಯ ಪದಗಳೆಂದೇ ಹೇಳುತ್ತದೆ. ಕಾವ್ಯಕ್ಕೆ ಅಷ್ಟು ಸಾಕು, ಚಿಕಿತ್ಸೆಗೆ ಸಾಲದು. ಇಂದಿನ ಅಂಗರಚನಾಶಾಸ್ತ್ರದಲ್ಲಿ ಉದರವೆಂದರೆ ಆ ಭಾಗವೆಲ್ಲ. ಜಠರವೆಂದರೆ ಅದರೊಳಗಿನ ಒಂದು ಅಂಗ ಮಾತ್ರ.

ಈ ಶಾಸ್ತ್ರವು ಶರೀರವನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತದೆ. ಮೂಲವಾದುದು ಜೀವಕೋಶ. ಒಂದು ಕಾರ್ಯಕ್ಕಾಗಿ ಕೂಡಿದ ಜೀವಕೋಶಗಳ ಸಮೂಹವೇ ಅಂಗಾಂಶ. ಹೊದಿಕೆಯಾಗುವುದು, ಬಂಧಿಸಿ ಆಧಾರ ಕೊಡುವುದು, ಸಂಕುಚಿಸುವ ಸ್ನಾಯು, ಸಂದೇಶವನ್ನೊಯ್ಯುವ ನರ ಎಂದು ಅಂಗಾಂಶಗಳು ಮುಖ್ಯವಾಗಿ 4 ಬಗೆ. ಜಠರವೊಂದರಲ್ಲಿಯೇ ಈ ನಾಲ್ಕೂ ಸೇರಿವೆ. ಹೀಗೆ ಅಂಗಾಂಶಗಳು ಕೂಡಿ ಅಂಗವಾಗುತ್ತದೆ. ಅನ್ನನಾಳ, ಜಠರ, ಕರುಳು, ಯಕೃತ್ತು ಮೊದಲಾದ ಅಂಗಗಳು ಕೂಡಿ ಜೀರ್ಣಾಂಗವ್ಯೂಹವಾಗುತ್ತದೆ.

ಇನ್ನು ದಿಕ್ಕಿನ ವಿಚಾರ. ಮನುಷ್ಯನು ನೆಟ್ಟಗೆ ನಿಂತು, ಮುಂದೆ ನೋಡುತ್ತ, ಕೈಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತೋರಿದ ಭಂಗಿಯನ್ನು ಶಾಸ್ತ್ರಜ್ಞರು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಮಲಗಿದವನಿಗೂ ಇದೇ ಲೆಕ್ಕ. ಎಡ–ಬಲಗಳು ಯಾವಾಗಲೂ ರೋಗಿಯವೇ ಹೊರತು ನೋಡುವವರವಲ್ಲ. ಎದೆಯ ಎಕ್ಸ್‌ರೇಯಲ್ಲಿ ರೋಗಿಯ ಬಲಭಾಗವು ನಮ್ಮ ಎಡಕ್ಕೆ ಕಾಣುವುದು ಆದಕಾರಣವೇ. ಇಲ್ಲಿ ತಪ್ಪಿದರೆ ಅನಾಹುತವಾದೀತೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲಿ, ಚಿಕಿತ್ಸೆಯ ಸ್ಥಳವನ್ನು ಗುರುತು ಮಾಡಿರುವರೇ ಎಂಬ ಪ್ರಶ್ನೆಯನ್ನು ಸೇರಿಸಲಾಗಿದೆ.

ಹೊಕ್ಕುಳಿನ ಮೂಲಕ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದಂತೆ ಭಾವಿಸಿದರೆ ಉದರವು 4 ಪಾಲಾಗುತ್ತದೆ. ಬಲದ ಮೇಲುಭಾಗದಲ್ಲಿ ಯಕೃತ್ತಿನ ಬಹುಭಾಗ ಮತ್ತು ಪಿತ್ತಕೋಶ. ಎಡದ ಮೇಲುಭಾಗದಲ್ಲಿ ಜಠರದ ಬಹುಭಾಗ ಮತ್ತು ಗುಲ್ಮ. ಎಡದ ಕೆಳಭಾಗದಲ್ಲಿ ದೊಡ್ಡ ಕರುಳಿನ ಇಳಿಯುವ ಭಾಗ. ಬಲದ ಕೆಳಭಾಗದಲ್ಲಿ ಸಾಮಾನ್ಯವಾಗಿ ಅಪೆಂಡಿಕ್ಸ್. ಅಪೆಂಡಿಕ್ಸ್ ಬಾತಾಗ ನೋವು ಅನೇಕ ವೇಳೆ ಹೊಕ್ಕುಳಿನ ಸುತ್ತ ಆರಂಭವಾಗಿ, ಕೆಲವು ಗಂಟೆಗಳಲ್ಲಿ ಬಲದ ಕೆಳಭಾಗಕ್ಕೆ ಸರಿಯುತ್ತದೆ. ಇಂತಹ ಸಮಯದಲ್ಲಿ ‘ಹೊಟ್ಟೆ ಕಟ್ಟಿದೆ’ ಎಂದು ಹರಳೆಣ್ಣೆ ಕುಡಿಸುವುದು ಅಪಾಯಕರ. ಬಾತ ಅಪೆಂಡಿಕ್ಸ್ ಒಡೆಯಬಹುದು.

ಎದೆಗೂ ಉದರಕ್ಕೂ ನಡುವೆ ಇರುವುದು ವಪೆಯೆಂಬ ಸ್ನಾಯುವಿನ ಪರದೆ. ಅದರ ಮೇಲೆ ಹೃದಯ, ಕೆಳಗೆ ಜಠರ. ಇವೆರಡೂ ಇಷ್ಟು ಸಮೀಪದ ನೆರೆಹೊರೆಯವು. ಹೃದಯಾಘಾತದ ನೋವು ಕೆಲವರಿಗೆ ಮೇಲುಹೊಟ್ಟೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ‘ವಾಯು ಹಿಡಿದಿದೆ’ ಎಂದು ಓಮದ ಕಷಾಯ ಕುಡಿದು ಮಲಗಿದವರು ಅಮೂಲ್ಯವಾದ ಸಮಯವನ್ನು ಕಳೆದುಕೊಳ್ಳುತ್ತಾರೆ. ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಡುವ ನೋವು ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದುದರಿಂದ ವೈದ್ಯರ ಮುಂದೆ ಕುಳಿತಾಗ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಯಾವ ಬದಿ, ಹೊಕ್ಕುಳಿನ ಮೇಲೋ ಕೆಳಗೋ, ಯಾವಾಗ ಆರಂಭವಾಯಿತು, ಎಲ್ಲಿಗೆ ಸರಿಯಿತು ಎಂಬಿಷ್ಟನ್ನು ಬೆರಳಿಟ್ಟು ತೋರಿಸಿ ಹೇಳಬೇಕು. ತಾಯಂದಿರು ಮಕ್ಕಳಿಗೆ ಸ್ನಾನ ಮಾಡಿಸುವಾಗ ಅಂಗಗಳ ಹೆಸರನ್ನೂ ಎಡ–ಬಲಗಳನ್ನೂ ಕಲಿಸಿದರೆ, ಆ ಮಗು ತನ್ನ ನೋವನ್ನು ತಾನೇ ತೋರಿಸಬಲ್ಲದು. ನೋವಿಗೆ ಸರಿಯಾದ ನೆಲೆ ತಿಳಿದರೆ ಅರ್ಧ ಚಿಕಿತ್ಸೆಯಾದಂತೆ.