ಷರತ್ತಿನ ಭರವಸೆ

ಹೊಸನಗರದ ಕಡೆ ಗುಡ್ಡದ ಅಬ್ಬಿ ನೀರನ್ನು ಒಂದೇ ಪೈಪಿನಲ್ಲಿ ಇಳಿಸಿ ಎರಡು ಮೂರು ಮನೆಯವರು ಹಂಚಿಕೊಳ್ಳುವುದುಂಟು. ಮೇಲಿನ ಮನೆಯವರು ತೋಟಕ್ಕೆ ನೀರು ಬಿಟ್ಟರೆ ಕೆಳಗಿನ ಮನೆಯ ನಲ್ಲಿ ಸಣ್ಣಗಾಗುತ್ತದೆ. ಪೈಪು ಅದೇ, ಒತ್ತಡ ಮಾತ್ರ ಕಡಿಮೆ.

ನೈಸರ್ಗಿಕ ಅನಿಲದ ಕೊಳವೆಯದೂ ಇದೇ ಕಥೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಸುಮಾರು 450 ಕಿ.ಮೀ. ಉದ್ದವಿದ್ದು, ದಿನಕ್ಕೆ 120 ಲಕ್ಷ ಘನಮೀಟರ್ ಅನಿಲ ಸಾಗಿಸಬಲ್ಲದು. ಅನಿಲ ಹರಿಯುವುದು ಒತ್ತಡದ ವ್ಯತ್ಯಾಸದಿಂದ. ದಾರಿಯಲ್ಲಿ ಹೆಚ್ಚು ತೆಗೆದಷ್ಟೂ ಕೊನೆಯಲ್ಲಿ ಒತ್ತಡ ಕುಗ್ಗುತ್ತದೆ.

ಹೀಗಾಗಿ ಸಾಗಣೆಯ ಒಪ್ಪಂದಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಖಚಿತ’ ಎಂದರೆ ಕೊಳವೆಯಲ್ಲಿ ಜಾಗ ಕಾಯ್ದಿರಿಸಿದಂತೆ. ಇನ್ನೊಂದು, ಜಾಗವಿದ್ದರಷ್ಟೇ ಸಾಗಿಸುವುದು, ಇಲ್ಲವಾದರೆ ನಿಲ್ಲಿಸಬಹುದು. ಇವೆರಡರ ನಡುವಿನದೇ ‘ಷರತ್ತುಬದ್ಧ ಖಚಿತ ಸಾಮರ್ಥ್ಯ’. ಹೇಳಿದ ಷರತ್ತು ಇರುವತನಕ ಮಾತು ಖಚಿತ. ಜರ್ಮನಿಯಲ್ಲಿ ಹೊರಗಿನ ತಾಪಮಾನವೂ ಇಂತಹ ಷರತ್ತಾಗುವುದುಂಟು. ಚಳಿ ಹೆಚ್ಚಿದರೆ ಮನೆಗಳನ್ನು ಬಿಸಿಯಾಗಿಡಲು ಅನಿಲ ಬೇಕು. ಒಳಬಂದದ್ದು ಅಲ್ಲೇ ಖರ್ಚಾಗುವುದರಿಂದ, ಕೊಳವೆಗೆ ಇನ್ನಷ್ಟು ತುಂಬಲು ಸಾಧ್ಯ. ಹೊಸ ಕೊಳವೆ ಹಾಕದೆ, ಇರುವುದನ್ನೇ ಪೂರ್ತಿ ಬಳಸುವ ಉಪಾಯವಿದು.

ಎಲ್ಲರಿಗೂ ಇದು ಹೊಂದದು. ಅನಿಲದಿಂದ ಯೂರಿಯಾ ತಯಾರಿಸುವ ಪಣಂಬೂರಿನಂತಹ ಕಾರ್ಖಾನೆಗೆ ಅದು ಕಚ್ಚಾವಸ್ತುವೂ ಹೌದು, ಇಂಧನವೂ ಹೌದು. ಅಮೋನಿಯಾ ಘಟಕವನ್ನು ಒಲೆಯಂತೆ ಬೇಕೆಂದಾಗ ಆರಿಸಿ ಹಚ್ಚಲಾಗದು. ಬೇರೆ ಇಂಧನಕ್ಕೆ ಬದಲಾಗಬಲ್ಲ ಬಾಯ್ಲರಿಗಾದರೆ ಷರತ್ತಿನ ಅನಿಲ ಸಾಕು.

ವಿದ್ಯಾರ್ಥಿಗಳೇ, ‘ಎಷ್ಟು ಹಿಡಿಸುತ್ತದೆ?’ ಎಂಬುದು ಅರ್ಧ ಪ್ರಶ್ನೆ. ‘ಯಾವ ಸ್ಥಿತಿಯಲ್ಲಿ?’ ಎಂದು ಸೇರಿಸಿದಾಗಲೇ ಅದು ಪೂರ್ಣವಾಗುವುದು.