ಪಾಳಿಯ ತಿಂಗಳೂ ಪರೀಕ್ಷೆಯ ಅಂಕವೂ

ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಜೂನ್‌ನಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯಾದ ನೆಕ್ಸ್ಟ್‌ನ ನಿಯಮಗಳನ್ನು ಪ್ರಕಟಿಸಿ, ಮರುತಿಂಗಳೇ ಅದನ್ನು ಮುಂದೂಡಿದ ಲಾಗಾಯ್ತು, ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕೋ ಬೇಡವೋ ಎಂಬ ವಾಗ್ವಾದದಲ್ಲಿಯೇ ನಮ್ಮ ಪ್ರಾಜ್ಞರು ಕಾಲಕ್ಷೇಪ ಮಾಡುತ್ತಿದ್ದಾರೆ. ವಿದ್ಯಾರ್ಥಿಯ ಮೆಡಿಸಿನ್ ಪೋಸ್ಟಿಂಗ್, ಅಂದರೆ ಆ ವಾರ್ಡಿನಲ್ಲಿ ಕಲಿಯುವ ಪಾಳಿ, ಯಾವ ತಿಂಗಳಲ್ಲಿ ಬಿದ್ದಿತ್ತೆಂದು ಕೇಳುವವರಿಲ್ಲ. ಕ್ಲಿನಿಕಲ್ ಪರೀಕ್ಷೆಯ ಅಂಕದಲ್ಲಿ ಒಂದು ಪಾಲು ಪಾಳಿಯ ಪಟ್ಟಿಗೆ ಸೇರಿದ್ದೆಂದೂ, ಅದನ್ನು ವಿದ್ಯಾರ್ಥಿಯ ಯೋಗ್ಯತೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯವೆಂದೂ ನನ್ನ ನಿಶ್ಚಿತಾಭಿಪ್ರಾಯ.

ಮಾಸ್ತಿಯ ಕಡೆಯಿಂದ ಮಾಲೂರಿಗೂ, ಅಲ್ಲಿಂದ ಕೋಲಾರದ ಟಮಕದ ಜಾಲಪ್ಪ ಆಸ್ಪತ್ರೆಗೂ ಬಂದ ಹೆಣ್ಣುಮಗಳೊಬ್ಬಳ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆಯೆಂದು ಭಾವಿಸೋಣ. ಆ ಮಂದ್ರವಾದ ಗುಡುಗುಡು ಸದ್ದನ್ನು ಕೇಳಬೇಕಾದರೆ ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರನ್ನು ಹೊರಬಿಡಿಸಿ, ಸ್ಟೆತಾಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹಗುರವಾಗಿ ಎದೆಗೆ ತಾಗಿಸಬೇಕು. ಒತ್ತಿದರೆ ಸದ್ದು ಮಾಯ. ಪುಸ್ತಕದ ವಾಕ್ಯವು ವರ್ಷ ಕಳೆದರೂ ನೆನಪಿನಲ್ಲಿದ್ದೀತು. ಕಿವಿಗೂ ಕೈಗೂ ಬಂದ ಪಳಗು ವಾರ್ಡು ಬಿಟ್ಟ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಪರೀಕ್ಷೆಯಲ್ಲಿ ಲಾಂಗ್ ಕೇಸಿನ, ಅಂದರೆ ವಿವರವಾಗಿ ಪರಿಶೀಲಿಸಬೇಕಾದ ರೋಗಿಯ, ಮುಂದೆ ನಿಂತವನಿಂದ ಪರೀಕ್ಷಕರು ಅಪೇಕ್ಷಿಸುವುದಾದರೋ ಆ ಪಳಗನ್ನೇ.

ಪಾಳಿಯ ಕಾಲಕ್ಕೂ ಅಂಕಕ್ಕೂ ಇರುವ ನಂಟನ್ನು ಗಮನಿಸಿ, ಅಮೆರಿಕದ ವೈದ್ಯಕೀಯ ಪರೀಕ್ಷಕರ ರಾಷ್ಟ್ರೀಯ ಮಂಡಳಿಯು ತನ್ನ ವಿಷಯವಾರು ಪರೀಕ್ಷೆಗಳಿಗೆ ಇಡೀ ವರ್ಷಕ್ಕೆ ಒಂದೇ ಮಾನದಂಡವನ್ನಿಟ್ಟು ತೃಪ್ತಿಪಡದೆ, ತ್ರೈಮಾಸಿಕವಾರು ಪ್ರತ್ಯೇಕ ಮಾನದಂಡಗಳನ್ನೂ ಒದಗಿಸುತ್ತದೆ. ವರ್ಷದ ಅಂತ್ಯದಲ್ಲಿ ಮೆಡಿಸಿನ್ ಪಾಳಿ ಮಾಡಿದವರ ಸರಾಸರಿಯು ಆರಂಭದಲ್ಲಿ ಮಾಡಿದವರದಕ್ಕಿಂತ ಮೇಲಿರುವುದು ಅಲ್ಲಿ ಬಹುಕಾಲದಿಂದ ತಿಳಿದಿರುವ ಸಂಗತಿ. ಅದು ಲಿಖಿತ ಪರೀಕ್ಷೆ, ನಮಗೇಕೆ ಅನ್ವಯಿಸಬೇಕೆಂದು ಕೇಳಬಹುದು. ನಮಗೆ ಇಮ್ಮಡಿಯಾಗಿ ಅನ್ವಯಿಸಬೇಕೆಂಬುದು ನನ್ನ ಉತ್ತರ. ಅಲ್ಲಿ ಪಾಳಿ ಮುಗಿದ ಬೆನ್ನಿಗೇ ಪರೀಕ್ಷೆಯಿರುವುದರಿಂದ, ಮೊದಲು ಹೋದವನಿಗೆ ಅನನುಭವವೊಂದೇ ನಷ್ಟ. ಇಲ್ಲಿ ಎಲ್ಲ ತಂಡಗಳಿಗೂ ಕೊನೆಯಲ್ಲಿ ಒಟ್ಟಿಗೇ ಪರೀಕ್ಷೆ ನಡೆಯುವುದರಿಂದ, ಮೊದಲ ತಂಡದವನು ಅಪಕ್ವನಾಗಿ ವಾರ್ಡನ್ನು ಪ್ರವೇಶಿಸಿ, ಕಲಿತಷ್ಟನ್ನೂ ಮರೆತು ಪರೀಕ್ಷೆಗೆ ಬರುತ್ತಾನೆ. ಕೊನೆಯ ಪಾಳಿಯವರು ವಾರ್ಡು ತಪ್ಪಿಸಿ ಗ್ರಂಥಾಲಯ ಸೇರುವರೆಂಬ ಆಕ್ಷೇಪವುಂಟು. ಅದು ಹಾಜರಾತಿಯ ಮಾತು, ಬೇರೆ ವಿಚಾರ.

ಇದಕ್ಕೆ ಪರಿಹಾರ ಬೇಕಾದರೆ ಎಂಬಿಬಿಎಸ್ ಶಿಕ್ಷಣದ 2019ರ ನಿಯಮಾವಳಿಯ ಕೋಷ್ಟಕವನ್ನು ತೆರೆದು ನೋಡಿ. ಒಟ್ಟು 126 ವಾರಗಳ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಮೆಡಿಸಿನ್, ಸರ್ಜರಿ, ಪ್ರಸೂತಿ ಈ ಮೂರಕ್ಕೂ ತಲಾ 20 ವಾರ. ಅದರಲ್ಲಿ ಅಂತಿಮ ಹಂತದ ಪಾಲು 8 ಮತ್ತು 4, ಒಟ್ಟು 12. ಈ ಎಂಟನ್ನು ಅಲ್ಲಿರುವಂತೆಯೇ ಬಿಟ್ಟು, ಮೂರು ವಿಭಾಗಗಳ ನಾಲ್ಕು ನಾಲ್ಕು ವಾರಗಳನ್ನು ಕೂಡಿಸಿ ಪರೀಕ್ಷೆಗೆ ಮುಂಚಿನ 12 ವಾರಗಳಲ್ಲಿರಿಸಿ, ತಿಂಗಳಿಗೊಮ್ಮೆಯ ಬದಲು ವಾರಕ್ಕೊಮ್ಮೆ ವಿಭಾಗ ಬದಲಿಸಿದರೆ, ಯಾವ ವಿದ್ಯಾರ್ಥಿಯೂ ಈ ಮೂರರಲ್ಲಿ ಯಾವುದರಿಂದಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ದೂರವಿರನು. ನಿಯಮಾವಳಿಯ ವಾರಗಳಲ್ಲಿ ಒಂದೂ ಕಡಿಮೆಯಾಗದು. ಒಂದೇ ರೋಗಿಯನ್ನು ದಾಖಲಾದಂದಿನಿಂದ ಮನೆಗೆ ಹೋಗುವವರೆಗೆ ಹಿಂಬಾಲಿಸಲು ವಾರದಲ್ಲಿ ಸಾಧ್ಯವಿಲ್ಲವೆಂದು ಯೂನಿಟ್ ಮುಖ್ಯಸ್ಥರು ಗೊಣಗಬಹುದು. ಎಂಟು ವಾರಗಳಿರುವುದು ಅದಕ್ಕೇ ಅಲ್ಲವೆ? ಮಕ್ಕಳ ವಿಭಾಗಕ್ಕೆ ಈ ಲೆಕ್ಕ ಒಗ್ಗದು, ಒಪ್ಪುತ್ತೇನೆ. ಮಳೆಗಾಲದ ಜ್ವರಗಳನ್ನು ಕಂಡ ತಂಡಕ್ಕೂ ಬೇಸಗೆಯಲ್ಲಿ ಹೋದ ತಂಡಕ್ಕೂ ಅಲ್ಲಿರುವ ಅಂತರವನ್ನು ಯಾವ ಪಟ್ಟಿಯೂ ಪೂರ್ತಿ ನೀಗಲಾರದು.

ಇದನ್ನು ಮೊದಲು ಪರೀಕ್ಷಿಸಿ ನೋಡಲು ತಕ್ಕ ಸ್ಥಳ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದೆ. ಟಮಕದಲ್ಲಿ 1986ರಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜು 2007ರಿಂದ ಸ್ವತಂತ್ರ ಡೀಮ್ಡ್ ವಿಶ್ವವಿದ್ಯಾಲಯದ ಅಂಗವಾಗಿದ್ದು, ತನ್ನ ಫಲಿತಾಂಶಗಳನ್ನು ಪರಿಶೀಲಿಸಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅನುಮತಿಗೆ ಕಾಯಬೇಕಾದುದಿಲ್ಲ. ಯಾವ ತಂಡ ಯಾವ ತಿಂಗಳಲ್ಲಿ ಎಲ್ಲಿತ್ತೆಂಬುದು ವಿಭಾಗದ ಹಾಜರಿ ಪುಸ್ತಕದಲ್ಲಿದೆ. ಅಂಕಗಳು ಪರೀಕ್ಷಾ ವಿಭಾಗದಲ್ಲಿವೆ. ಐದು ವರ್ಷಗಳ ಈ ಎರಡು ದಾಖಲೆಗಳನ್ನು ಒಂದೇ ಮೇಜಿನ ಮೇಲಿಟ್ಟು ತಂಡವಾರು ಸರಾಸರಿ ತೆಗೆಯುವುದು ಒಬ್ಬ ಗುಮಾಸ್ತರ ಒಂದು ವಾರದ ಕೆಲಸ. ನನ್ನ ವಾದ ತಪ್ಪೆನ್ನುವವರು ಆ ಸರಾಸರಿಯನ್ನು ಪ್ರಕಟಿಸಲಿ.