ಶರತ್ಕಾಲದ ಶಿವಗಂಗೆ

ಮಕರ ಸಂಕ್ರಾಂತಿಯಂದು ಗಂಗಾಧರೇಶ್ವರ ಹೊನ್ನಾದೇವಿಯರ ಕಲ್ಯಾಣಕ್ಕೆ ಶಿವಗಂಗೆಯಲ್ಲಿ ನೆರೆಯುವ ಜನಸಮೂಹವನ್ನು ವಾಚಕರು ಬಲ್ಲರು. ಭಾನುವಾರದ ಬೆಳಗಿನ ಜಾವ ಯಶವಂತಪುರ, ಹೆಬ್ಬಾಳ, ಯಲಹಂಕಗಳಿಂದ ತುಮಕೂರು ಹೆದ್ದಾರಿ ಹಿಡಿದು ಅತ್ತ ಧಾವಿಸುವ ತರುಣರ ವಾಹನಗಳನ್ನೂ ಬಲ್ಲರು. ಆದರೆ ಭಾದ್ರಪದ ಬಹುಳದಿಂದ ಕಾರ್ತಿಕ ಸೋಮವಾರಗಳು ಬರುವವರೆಗೆ, ದಸರೆಯ ರಜೆಯೊಂದನ್ನು ಬಿಟ್ಟರೆ, ವಾರದ ದಿನಗಳಲ್ಲಿ ಆ ಬೆಟ್ಟವನ್ನು ಕಂಡವರು ವಿರಳ. ಅದು ‘ಸೀಸನ್’ ಅಲ್ಲವಂತೆ!

ಈ ಸೀಸನ್ನೆಂಬುದು ರಜೆಯ ಪಟ್ಟಿಯಿಂದ ಹುಟ್ಟಿದ ಮಾತು. ಮಠಗಳ ಪಂಚಾಂಗವೇ ಬೇರೆ. ಆಷಾಢ ಪೂರ್ಣಿಮೆಯಂದು ಚಾತುರ್ಮಾಸ್ಯ ಹಿಡಿದು ಒಂದೆಡೆ ನೆಲಸುವ ಸಂನ್ಯಾಸಿಗಳು, ನಾಲ್ಕು ಪಕ್ಷಗಳನ್ನೇ ನಾಲ್ಕು ಮಾಸಗಳೆಂದೆಣಿಸಿ, ಭಾದ್ರಪದ ಪೂರ್ಣಿಮೆಗೆ ವ್ರತ ಮುಗಿಸಿ ಸೀಮೋಲ್ಲಂಘನ ಮಾಡುವರು. ನಮ್ಮ ಹಿರಿಯರಿಗೆ ಶರದೃತುವೆಂದರೆ ಹೊರಡುವ ಕಾಲವೇ ಆಗಿತ್ತು.

ಸುಮಾರು 4500 ಅಡಿ ಎತ್ತರದ ಈ ಕಲ್ಲುಬೆಟ್ಟ ಮೂಡಣಿಂದ ನಂದಿಯಾಗಿ, ಪಡುವಣಿಂದ ಗಣೇಶನಾಗಿ, ತೆಂಕಣಿಂದ ಲಿಂಗವಾಗಿ, ಬಡಗಣಿಂದ ಸರ್ಪವಾಗಿ ಕಾಣುವುದೆಂದು ಪ್ರತೀತಿ. ಮೇಲೆ ವೀರಶೈವರ ಮೇಲಣಗವಿ ಮಠ. ಇದೇ ಕ್ಷೇತ್ರದಲ್ಲಿ ಶೃಂಗೇರಿ ಪರಂಪರೆಯ ಶಾರದಾಮಠ. ಗುಡಿಯಲ್ಲಿ ಯಲಹಂಕದ ಪ್ರಭು ಕೆಂಪೇಗೌಡರ ಲೋಹವಿಗ್ರಹ. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟವನಿಗೆ ನೀರು ಸಿಕ್ಕಿದರೆ ಆತ ಪುಣ್ಯವಂತನೆನ್ನುವರು. ಹಿಂದಿನವರು ಬೆನ್ನ ಮೇಲೆ ನೂಕುತ್ತಿರುವ ದಿನ ಪುಣ್ಯವನ್ನು ಅಳೆಯಲು ಅವಕಾಶವೆಲ್ಲಿ?

ಸಂದಣಿಯಲ್ಲಿ ನೋಟ ಸಿಕ್ಕೀತು, ಕೇಳ್ಮೆ ಸಿಕ್ಕದು. ಇದಕ್ಕೆ ಶಾಂತಲೆಯ ಕಥೆಗಿಂತ ಬೇರೆ ನಿದರ್ಶನ ಬೇಡ. ಮೇಲಿನ ಕಡಿದಾದ ಬಂಡೆಯೊಂದಕ್ಕೆ ‘ಶಾಂತಲಾ ಡ್ರಾಪ್’ ಎಂದು ಹೆಸರಿಟ್ಟು, ಹೊಯ್ಸಳ ವಿಷ್ಣುವರ್ಧನನ ರಾಣಿ ಅಲ್ಲಿಂದ ಧುಮುಕಿದಳೆಂದು ಹೇಳಿ, ಜನ ಅದರ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಶ್ರವಣಬೆಳಗೊಳದ ಶಾಸನವಾದರೋ, ಜಿನಭಕ್ತೆಯಾದ ಆ ರಾಣಿ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಹೇಳುತ್ತದೆ. ಧುಮುಕಿದ ಮಾತು ಅದರಲ್ಲಿಲ್ಲ. ಮಗಳ ಮರಣಾನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ನಿರಶನ ವ್ರತ ಹಿಡಿದು ಪ್ರಾಣ ಬಿಟ್ಟಳೆಂಬುದು ಮಾತ್ರ ಇದೆ. ಶೈವಕ್ಷೇತ್ರದಲ್ಲಿ ಜೈನ ರಾಣಿಯೊಬ್ಬಳು ಕೊನೆಯುಸಿರೆಳೆದ ಈ ಸಂಗತಿಯನ್ನು ಭಾನುವಾರದ ಗದ್ದಲದಲ್ಲಿ ಯಾರು ಯಾರಿಗೆ ಹೇಳಬೇಕು?

ಗ್ರೀಸ್ ದೇಶದ ಮೆಟಿಯೋರಾ ಎಂಬಲ್ಲಿ ಕಡಿಬಂಡೆಗಳ ನೆತ್ತಿಯ ಮೇಲೆ ಕ್ರೈಸ್ತ ಮಠಗಳಿವೆ. 1920ರ ದಶಕದಲ್ಲಿ ಮೆಟ್ಟಿಲು ಕಡಿಯುವ ಮುನ್ನ ಅಲ್ಲಿ ಬಲೆಯಲ್ಲಿ ಕೂರಿಸಿ ಹಗ್ಗದಿಂದ ಮೇಲಕ್ಕೆಳೆಯುವ ಕ್ರಮವಿತ್ತು. ನಮ್ಮ ಬೆಟ್ಟಕ್ಕೆ ಮೆಟ್ಟಿಲುಗಳಿವೆ, ಏರುವವರಿಗೆ ವ್ಯವಧಾನವಿಲ್ಲ.

ಆದುದರಿಂದ ಉತ್ತರ ಬೆಂಗಳೂರಿನ ಶಾಲೆಗಳ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಜನವರಿಯ ಪ್ರವಾಸವನ್ನು ಆಶ್ವಯುಜದ ಒಂದು ವಾರದ ದಿನಕ್ಕೆ ಹಿಂದೂಡಿರಿ, ಬೆಟ್ಟವನ್ನು ಬಲ್ಲ ಹಿರಿಯರೊಬ್ಬರಿಂದ ಮಕ್ಕಳಿಗೆ ಶಾಂತಲೆಯ ನಿಜ ವೃತ್ತಾಂತವನ್ನು ಹೇಳಿಸಿರಿ. ಸಾರಿಗೆಯವರು ಆ ದಿನಗಳಲ್ಲಿ ದಾಬಸ್‌ಪೇಟೆಯಿಂದ ಬೆಟ್ಟದ ಬುಡಕ್ಕೆ ನಂಬತಕ್ಕ ಬಸ್ಸನ್ನು ಒದಗಿಸಲಿ. ಮೆಟ್ಟಿಲ ಬದಿಯಲ್ಲಿ ಮಜ್ಜಿಗೆ, ಸೌತೆಕಾಯಿ ಮಾರಿ ಬದುಕುವವರಿಗೂ ಸಂಕ್ರಾಂತಿಯವರೆಗೆ ಕಾಯುವ ಕಷ್ಟ ಕೊಂಚ ತಪ್ಪೀತು. ಈ ಋತುವಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ, ನೆನೆದ ಬಂಡೆ ಜಾರುವುದು. ಬೆಳಗ್ಗೆಯೇ ಹತ್ತಿ, ಮೋಡ ಕಟ್ಟುವ ಮೊದಲೇ ಇಳಿದುಬಿಡತಕ್ಕದ್ದು.